ನಿನಗೆಷ್ಟು ಹೆಸರಿವೆಯೋ ಅಷ್ಟಕ್ಕೂ

ಪಂಢರಪುರದ ವಿಠ್ಠಲ ಪಂಜಾಬಿಗೆ ಹೋಗಿ ಬೀಠಲ ಆಗಿದ್ದಾನೆ. ಸಿಖ್ಖರು ತಮ್ಮ ಗುರು ಎಂದೇ ನಂಬಿ ತಲೆಬಾಗುವ ಗುರು ಗ್ರಂಥ ಸಾಹಿಬ್‌ನಲ್ಲಿ ಅವನಿದ್ದಾನೆ. ಅಲ್ಲಿಗೆ ಅವನನ್ನು ಕರೆದುಕೊಂಡು ಹೋದವರು ಸಂತ ನಾಮದೇವರು. ಬಟ್ಟೆಗೆ ಅಚ್ಚು ಹಾಕುವ ಛೀಪಿಗ ಕುಲದವರು. ಮಹಾರಾಷ್ಟ್ರದಲ್ಲಿ ಹುಟ್ಟಿದ ಅವರು ಬಾಳಿನ ಕೊನೆಯ ಭಾಗವನ್ನು ಪಂಜಾಬಿನ ಘುಮಾನ್ ಎಂಬ ಊರಲ್ಲಿ ಕಳೆದರು ಎಂದು ಅಲ್ಲಿನ ಜನ ನಂಬುತ್ತಾರೆ. ಅವರ 61 ಪದಗಳು ಗ್ರಂಥದಲ್ಲಿ ಸೇರಿವೆ.

ಅದರಲ್ಲಿ ಆಸಾ ರಾಗದ ಒಂದು ಪದ ನನಗೆ ತುಂಬ ಇಷ್ಟ. ನಾಮದೇವರು ದೇವರ ಪೂಜೆಗೆ ಅಣಿಮಾಡುತ್ತಿದ್ದಾರೆ. ಕೊಡ ತಂದು ನೀರು ತುಂಬುತ್ತಾರೆ, ಸ್ವಾಮಿಗೆ ಸ್ನಾನ ಮಾಡಿಸೋಣ ಅಂತ. ನೋಡಿದರೆ ಆ ನೀರಲ್ಲಿ 42 ಲಕ್ಷ ಜೀವಗಳು. ಅವುಗಳಲ್ಲೆಲ್ಲ ಬೀಠಲ ಆಗಲೇ ಇದ್ದಾನೆ. ಇನ್ನು ಸ್ನಾನ ಯಾರಿಗೆ? ಹೂ ತಂದು ಮಾಲೆ ಕಟ್ಟುತ್ತಾರೆ. ದುಂಬಿ ಮೊದಲೇ ಅದರ ವಾಸನೆ ಹೀರಿದೆ. ಹಾಲು ತಂದು ಖೀರು ಮಾಡುತ್ತಾರೆ. ಕರು ಮೊದಲೇ ಬಾಯಿ ಹಾಕಿದೆ. ದುಂಬಿಯಲ್ಲೂ ಅವನೇ, ಕರುವಿನಲ್ಲೂ ಅವನೇ. ಕೊನೆಗೆ ಪೂಜೆಯ ಸಾಮಾನೆಲ್ಲ ಹಾಗೇ ಉಳಿದು ಒಂದು ಮಾತು ಬರುತ್ತದೆ: 'ಈಭೈ ಬೀಠಲ್, ಊಭೈ ಬೀಠಲ್, ಬೀಠಲ್ ಬಿನ್ ಸಂಸಾರ್ ನಹೀ.' ಇಲ್ಲೂ ಬೀಠಲ, ಅಲ್ಲೂ ಬೀಠಲ, ಬೀಠಲನಿಲ್ಲದೆ ಲೋಕವೇ ಇಲ್ಲ.

ವಿಠ್ಠಲ ನಮಗೆ ದೂರದವನಲ್ಲ. ಮರಾಠಿ ಸಂತರೇ ಅವನನ್ನು 'ಕಾನಡಾ' ಎಂದು ಹಾಡಿದ್ದಾರೆ. ಪುರಂದರದಾಸರ ಪದದ ಕೊನೆಯಲ್ಲಿ ಅವನ ಹೆಸರು ಬಾರದೆ ಪದ ಮುಗಿಯುವುದಿಲ್ಲ. ಇಟ್ಟಿಗೆಯ ಮೇಲೆ ನಿಂತು ಸೊಂಟಕ್ಕೆ ಕೈ ಕೊಟ್ಟ ಅವನ ನಿಲುವು ನಮಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಸಿಖ್ ಧರ್ಮವಾದರೋ ದೇವರಿಗೆ ರೂಪವಿಲ್ಲ, ಅವನು ಅವತಾರವೆತ್ತುವುದಿಲ್ಲ, ಮೂರ್ತಿಪೂಜೆ ಬೇಡ ಎನ್ನುತ್ತದೆ. ಅಂಥ ಧರ್ಮದ ಗ್ರಂಥದಲ್ಲಿ ಇಟ್ಟಿಗೆಯ ಮೇಲೆ ನಿಂತವನ ಹೆಸರು ಯಾಕಿದೆ? ಈ ಪ್ರಶ್ನೆ ಹಿಡಿದುಕೊಂಡೇ ನಾನು ದೇವನಾಗರಿ ಲಿಪಿಯಲ್ಲಿ ಸಿಗುವ ಗುರುಬಾನಿಯನ್ನು, ಅಂದರೆ ಆ ಗ್ರಂಥದ ಪದಗಳನ್ನು, ನಿಧಾನವಾಗಿ ಓದುತ್ತಾ ಬಂದೆ. ಓದಿದಷ್ಟೂ ಹೆಸರುಗಳು ಜಾಸ್ತಿ ಆಗುತ್ತಾ ಹೋದವು.

ಅದೇ ನಾಮದೇವರ ಇನ್ನೊಂದು ಪದ ಗುಡಿಯಿಂದ ಹೊರದಬ್ಬಿಸಿಕೊಂಡದ್ದರ ಬಗ್ಗೆ. ನಗುತ್ತ ಆಡುತ್ತ ನಿನ್ನ ಗುಡಿಗೆ ಬಂದೆ, ಪೂಜೆ ಮಾಡುತ್ತಿದ್ದವನನ್ನು ಹಿಡಿದು ಎಬ್ಬಿಸಿದರು. ಯಾದವರಾಯಾ, ನನ್ನ ಜಾತಿ ಕೀಳು, ನಾನು ಯಾಕಾದರೂ ಛೀಪಿಗನಾಗಿ ಹುಟ್ಟಿದೆ? ಹೀಗೆ ಕೇಳಿ, ಕಂಬಳಿ ಎತ್ತಿಕೊಂಡು ಗುಡಿಯ ಹಿಂದೆ ಹೋಗಿ ಕೂರುತ್ತಾರೆ. ಅಲ್ಲೇ ಹರಿಯ ಗುಣ ಹಾಡುತ್ತಾರೆ. ಹಾಡುತ್ತಿದ್ದಂತೆ ಗುಡಿಯೇ ಅವರ ಕಡೆಗೆ ತಿರುಗುತ್ತದೆ. ಇದನ್ನು ಓದಿದ ಕನ್ನಡಿಗರಿಗೆ ಉಡುಪಿ ನೆನಪಾಗದೆ ಇರುತ್ತದೆಯೇ? ಕನಕದಾಸರೂ ಗುಡಿಯ ಹಿಂದೆ ನಿಂತವರೇ. ಅವರಿಗೂ ದೇವರೇ ತಿರುಗಿದ ಎಂದೇ ನಮ್ಮಲ್ಲಿ ಕತೆ.

ಆಮೇಲೆ ತಿಲಂಗ್ ರಾಗದಲ್ಲಿ ಇದೇ ನಾಮದೇವರು ಹಾಡುತ್ತಾರೆ: ಕುರುಡನಾದ ನನಗೆ ನಿನ್ನ ಹೆಸರೇ ಊರುಗೋಲು, ಖುಂದಕಾರಾ, ಅಂದರೆ ಒಡೆಯಾ. 'ಕರೀಮಾ ರಹೀಮಾ ಅಲ್ಲಾ ತೂ ಗನೀ.' ಬೀಠಲ, ಯಾದವರಾಯ, ಕರೀಮ, ರಹೀಮ, ಅಲ್ಲಾ. ಒಬ್ಬನೇ ಭಕ್ತನ ಬಾಯಿ.

ಗುರು ಗ್ರಂಥ ಸಾಹಿಬ್ ಹೇಗೆ ಕೂಡಿಬಂತು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಐದನೆಯ ಗುರು ಅರ್ಜನ್ ದೇವರು ಅದನ್ನು ಜೋಡಿಸಿದರು. ಅವರು ಹೇಳಿದಂತೆ ಬರೆದವರು ಭಾಯಿ ಗುರದಾಸರು. 1604ರಲ್ಲಿ ಅಮೃತಸರದ ಹರಿಮಂದಿರದಲ್ಲಿ ಅದನ್ನು ಇರಿಸಿದರು. ಈಗಿನ ಅಚ್ಚಿನ ಪ್ರತಿ 1430 ಪುಟ. ಗುರುಗಳ ಪದಗಳ ಜೊತೆಗೆ 15 ಮಂದಿ ಭಗತರ ಪದಗಳೂ ಅದರಲ್ಲಿವೆ. ನೇಕಾರ ಕಬೀರ, ಚಮ್ಮಾರ ರವಿದಾಸ, ಕ್ಷೌರಿಕ ಸೈಣ, ಬೇಸಾಯಗಾರ ಧನ್ನಾ, ಕಟುಕ ಸಧನಾ, ಸೂಫಿ ಸಂತ ಶೇಖ್ ಫರೀದ್. ಒಬ್ಬೊಬ್ಬರೂ ತಮ್ಮ ಊರಿನ, ಕೆಲಸದ, ಮನೆಯ ಮಾತಿನಲ್ಲಿ ದೇವರನ್ನು ಕರೆದವರು. ಫರೀದರ ಒಂದು ಸಾಲು ಹೀಗಿದೆ: 'ಪರವದಗಾರ್ ಅಪಾರ್ ಅಗಮ್ ಬೇಅಂತ್ ತೂ.' ಮೊದಲ ಪದ ಪಾರಸಿ. ಸಾಕಿ ಸಲಹುವವನು ಎಂದು. ಆಮೇಲೆ ಬರುವ ಅಪಾರ, ಅಗಮ ನಮಗೆ ಗೊತ್ತಿರುವವೇ. ಗುರು ಅರ್ಜನರು ಫರೀದರ ಪರವದಗಾರನನ್ನು ತೆಗೆದು ಹರಿ ಎಂದು ಬರೆಸಲಿಲ್ಲ. ನಾಮದೇವರ ಬೀಠಲನನ್ನು ತೆಗೆದು ನಿರಂಕಾರ ಎಂದು ಬರೆಸಲಿಲ್ಲ. ಯಾರ ಬಾಯಲ್ಲಿ ಯಾವ ಹೆಸರಿತ್ತೋ ಅದು ಅಲ್ಲೇ ಉಳಿಯಿತು.

ಈ ವಿಷಯದಲ್ಲಿ ಎರಡು ಬಗೆಯ ಜಗಳ ಕೇಳಿಬರುತ್ತದೆ. ರಾಮ, ಹರಿ ಎಂದು ಸಾವಿರಾರು ಸಲ ಬಂದಿದೆ, ಆದ್ದರಿಂದ ಸಿಖ್ಖರು ಹಿಂದೂಗಳೇ ಎನ್ನುವವರು ಒಂದು ಕಡೆ. ಇಲ್ಲ, ಆ ಹೆಸರುಗಳಿಗೂ ಹಿಂದೂ ಭಕ್ತಿಗೂ ಸಂಬಂಧವೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಪದಗಳನ್ನು ಓದುವ ಮೊದಲೇ ತೀರ್ಪು ಕೊಟ್ಟಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ. ಎಲ್ಲಾ ದೇವರೂ ಒಂದೇ ಬಿಡಿ ಎಂದು ಸುಮ್ನೆ ಮುಗಿಸುವ ಮೂರನೆಯ ದಾರಿಯೂ ಉಂಟು. ಅದೂ ಸಾಲದು. ಗ್ರಂಥ ಎಲ್ಲಾ ಹೆಸರನ್ನೂ ಒಳಗೆ ಕರೆದುಕೊಳ್ಳುತ್ತದೆ ನಿಜ. ಆದರೆ ಬಾಗಿಲಲ್ಲಿ ಒಂದು ಮಾತು ಕೇಳಿಯೇ ಕರೆದುಕೊಳ್ಳುತ್ತದೆ.

ಆ ಬಾಗಿಲು ಮೂಲ್ ಮಂತರ್. ಗ್ರಂಥದ ಮೊಟ್ಟಮೊದಲ ಗುರುತು ಒಂದು ಅಂಕಿ. ಗುರುಮುಖಿ ಲಿಪಿಯ 1. ಅದರ ಪಕ್ಕ ಓಂಕಾರ, ಅದರ ನೆತ್ತಿಯಿಂದ ಬಿಲ್ಲಿನಂತೆ ಎಳೆದ ಉದ್ದ ಗೆರೆ. ಓದುವುದು 'ಇಕ್ ಓಂಕಾರ್' ಎಂದು. ಒಂದು ಎಂದು ಅಕ್ಷರದಲ್ಲಿ ಬರೆಯಬಹುದಿತ್ತು, ಅಂಕಿಯಲ್ಲೇ ಬರೆದಿದ್ದಾರೆ. ಯಾವ ಭಾಷೆಯವನೇ ಆಗಲಿ, ಯಾವ ಪಂಥದವನೇ ಆಗಲಿ, ಅಂಕಿ ಇದು ನನ್ನದು ಎಂದು ಹೇಳಿಕೊಳ್ಳಲು ಆಗುವುದಿಲ್ಲ, ಅಲ್ವಾ? ಅದರ ಹಿಂದೆಯೇ ಸಾಲಾಗಿ ಬರುತ್ತವೆ: ಸತ್ ನಾಮ್, ಕರ್ತಾ ಪುರಖ್, ನಿರಭೌ, ನಿರವೈರ್, ಅಕಾಲ್ ಮೂರತ್, ಅಜೂನೀ, ಸೈಭಂ, ಗುರ್ ಪ್ರಸಾದ್. ನಿಜವೇ ಹೆಸರಾದವನು, ಎಲ್ಲ ಮಾಡಿದವನು, ಭಯವಿಲ್ಲದವನು, ಹಗೆಯಿಲ್ಲದವನು, ಕಾಲಕ್ಕೆ ಸಿಗದವನು, ಯೋನಿಯಿಂದ ಹುಟ್ಟದವನು, ತಾನೇ ತಾನಾದವನು, ಗುರುವಿನ ಕೃಪೆಯಿಂದ ಸಿಗುವವನು.

ಅಜೂನೀ ಎಂಬ ಪದವನ್ನು ಗಮನಿಸಿ. ಹುಟ್ಟದವನು ಎಂದ ಮೇಲೆ ದಶರಥನ ಮಗ ರಾಮ, ದೇವಕಿಯ ಮಗ ಕೃಷ್ಣ ಎಂಬ ಕತೆಗಳು ಬಾಗಿಲ ಹೊರಗೇ ನಿಲ್ಲುತ್ತವೆ. ಒಳಗೆ ಬರುವುದು ಹೆಸರು, ಮತ್ತು ಶತಮಾನಗಳ ಕಾಲ ಜನ ಆ ಹೆಸರಿನಲ್ಲಿ ತುಂಬಿದ ಪ್ರೀತಿ. ಕಬೀರ ಇದನ್ನು ಖಡಾಖಂಡಿತವಾಗಿ ಹೇಳುತ್ತಾನೆ. ರಾಮ ಎನ್ನುವುದರಲ್ಲೂ ವ್ಯತ್ಯಾಸವಿದೆ ಎನ್ನುತ್ತಾನೆ. ಎಲ್ಲರೂ ಅದೇ ರಾಮ ಎನ್ನುತ್ತಾರೆ, ಆಟ ಕಟ್ಟುವ ವೇಷಗಾರರೂ ಅದೇ ರಾಮ ಎನ್ನುತ್ತಾರೆ. ಹೇಳುವಾಗ ವಿವೇಕವಿರಲಿ, ಎಲ್ಲದರಲ್ಲೂ ಬೆರೆತವನನ್ನು ಕರೆಯುತ್ತಿದ್ದೇನೆ ಎಂಬ ಅರಿವಿರಲಿ ಎಂಬುದು ಅವನ ಮಾತು.

ನಮ್ಮ ವಚನಗಳನ್ನು ಓದಿದವರಿಗೆ ಈ ಜಾಡು ಹೊಸದಲ್ಲ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ರಾಮನಾಥ, ಇವೆಲ್ಲ ಯಾವುದೋ ಊರಿನ ಗುಡಿಯ ದೇವರ ಹೆಸರುಗಳು. ಶರಣರ ಬಾಯಲ್ಲಿ ಗುಡಿ ದಾಟಿ ನಿಂತವು. ಆದರೆ ಒಂದು ಸೊಗಸಾದ ವ್ಯತ್ಯಾಸವಿದೆ. ನಮ್ಮ ಶರಣರು, ದಾಸರು ಪದದ ಕೊನೆಗೆ ದೇವರ ಹೆಸರನ್ನೇ ಅಂಕಿತವಾಗಿ ಇಟ್ಟರು. ಒಬ್ಬೊಬ್ಬರದು ಒಂದೊಂದು. ಅಂಕಿತ ನೋಡಿಯೇ ಇದು ಬಸವಣ್ಣನವರದು, ಇದು ಅಕ್ಕನದು ಎಂದು ಗುರುತಿಸುತ್ತೇವೆ. ಸಿಖ್ ಗುರುಗಳು ಇದಕ್ಕೆ ತಿರುವುಮುರುವು. ಗ್ರಂಥದಲ್ಲಿರುವ ಅಷ್ಟೂ ಗುರುಗಳ ಪದಗಳಿಗೆ ಒಂದೇ ಅಂಕಿತ, 'ನಾನಕ್'. ಮೂರನೆಯ ಗುರು ಬರೆದರೂ ನಾನಕ್, ಐದನೆಯವರು ಬರೆದರೂ ನಾನಕ್. ಮೇಲೆ ಮಹಲಾ 3, ಮಹಲಾ 5 ಎಂಬ ಸಂಖ್ಯೆ ನೋಡಿಯೇ ಯಾರದೆಂದು ತಿಳಿಯಬೇಕು. ಹಾಡುವವರ ಹೆಸರೆಲ್ಲ ಒಂದಾಗಿದೆ, ಹಾಡಿಸಿಕೊಂಡವನ ಹೆಸರು ಲೆಕ್ಕಕ್ಕೆ ಸಿಗುವುದಿಲ್ಲ.

ಈ ಹೆಸರುಗಳ ಬಗ್ಗೆ ಗುರುಗಳು ಏನು ಯೋಚಿಸಿದ್ದರು ಎಂಬುದಕ್ಕೆ ಗುರು ಅರ್ಜನರ ಮಾರೂ ರಾಗದ ಒಂದು ದೊಡ್ಡ ಪದ ನೋಡಬೇಕು. 'ಅಚ್ಯುತ ಪಾರಬ್ರಹ್ಮ ಪರಮೇಶ್ವರ ಅಂತರ್ಯಾಮಿ' ಎಂದು ಅದು ಶುರುವಾಗುತ್ತದೆ. ಗುರುಬಾನಿಯ ಉಚ್ಚಾರ ಬೇರೆ ಇದೆ, ನಮಗೆ ತಿಳಿಯುವಂತೆ ಬರೆದಿದ್ದೇನೆ. ಮಧುಸೂದನ, ದಾಮೋದರ, ಹೃಷೀಕೇಶ, ಗೋವರ್ಧನಧಾರಿ, ಮುರಳಿ ಮನೋಹರ, ಮೋಹನ, ಮಾಧವ, ಮುರಾರಿ. ಧರಣೀಧರ, ನಾರಸಿಂಹ, ನಾರಾಯಣ. ವಾಮನನ ರೂಪ, ಶ್ರೀರಾಮಚಂದ್ರ, ವನಮಾಲಿ. ಕೇಶವಾಯ ನಮಃ, ನಾರಾಯಣಾಯ ನಮಃ ಎಂದು ಆಚಮನ ಮಾಡಿದವರಿಗೆ ಇದು ನಮ್ಮ ಮನೆಯ ಪಾಠವೇ ಅನ್ನಿಸುತ್ತದೆ. ನಾನೂ ಹಾಗೆಯೇ ಓದುತ್ತಾ ಹೋದೆ. ಹೆಸರು ಹೆಸರು ಹೆಸರು. ಒಂದರ ಹಿಂದೆ ಒಂದು. ನಡುನಡುವೆ ಇವನಿಗೆ ಆಕಾರವಿಲ್ಲ, ಇವನು ಎಲ್ಲರಲ್ಲೂ ಇದ್ದೂ ಎಲ್ಲರಿಂದ ಬೇರೆ ಎಂಬ ಮಾತೂ ಬರುತ್ತಿರುತ್ತದೆ.

ಆಮೇಲೆ ಈ ಸಾಲು: 'ಕಿರತಮ್ ನಾಮ್ ಕಥೇ ತೇರೇ ಜಿಹಬಾ. ಸತಿ ನಾಮ್ ತೇರಾ ಪರಾ ಪೂರಬಲಾ.'

ಈ ನಾಲಿಗೆ ಹೇಳುತ್ತಿರುವುದೆಲ್ಲ ಮಾಡಿದ ಹೆಸರುಗಳು. ನೀನು ಏನೇನು ಮಾಡಿದೆಯೋ ಅದನ್ನು ನೋಡಿ ನಾವು ಕಟ್ಟಿದವು. ಬೆಟ್ಟ ಎತ್ತಿದ್ದಕ್ಕೆ ಗೋವರ್ಧನಧಾರಿ, ಮಧುವನ್ನು ಕೊಂದದ್ದಕ್ಕೆ ಮಧುಸೂದನ. 'ಇದ್ದಾನೆ' ಎಂಬುದೊಂದೇ ಎಲ್ಲಕ್ಕಿಂತ ಹಿಂದಿನ, ಯಾರೂ ಮಾಡದ ಹೆಸರು. ಅಷ್ಟುದ್ದ ಪಟ್ಟಿ ಪ್ರೀತಿಯಿಂದ ಹಾಡಿ, ಕೊನೆಗೆ ಇವೆಲ್ಲ ನಾಲಿಗೆಯ ಕೆಲಸ ಎನ್ನುತ್ತಾರೆ. ಪಟ್ಟಿಯನ್ನು ಅಲ್ಲಗಳೆಯುವುದಿಲ್ಲ, ಅದರ ಅಳತೆ ಎಷ್ಟು ಎಂದು ತೋರಿಸುತ್ತಾರೆ. ನನಗೆ ಇಡೀ ಗ್ರಂಥದಲ್ಲಿ ತುಂಬ ಹಿಡಿಸಿದ ಜಾಗ ಇದು.

ಗುರು ನಾನಕರ ಜಪುಜಿ ಎಂಬ ರಚನೆಯ 19ನೇ ಪೌಡಿಯಲ್ಲಿ, ಅಂದರೆ ಪದ್ಯದಲ್ಲಿ, ಇದೇ ವಿಚಾರ ಇನ್ನೂ ಆಳಕ್ಕೆ ಹೋಗುತ್ತದೆ. ಅಸಂಖ್ಯ ಹೆಸರು, ಅಸಂಖ್ಯ ಠಾವು ಎಂದು ಶುರುಮಾಡಿ, ಮರುಗಳಿಗೆಗೇ ಅಸಂಖ್ಯ ಎಂದು ಹೇಳುವುದೂ ತಲೆಯ ಮೇಲೆ ಹೊರೆ ಹೊತ್ತಂತೆ ಎನ್ನುತ್ತಾರೆ. ನಾಮ ಹೇಳುವುದು ಅಕ್ಷರದಿಂದ, ಹೊಗಳುವುದು ಅಕ್ಷರದಿಂದ, ಹಣೆಬರಹ ಬರೆದದ್ದೂ ಅಕ್ಷರದಿಂದ. ಆದರೆ 'ಜಿನ್ ಏಹಿ ಲಿಖೇ ತಿಸ್ ಸಿರ್ ನಾಹಿ.' ಎಲ್ಲರ ಹಣೆಯಲ್ಲೂ ಬರೆದವನ ಹಣೆಯಲ್ಲಿ ಏನೂ ಬರೆದಿಲ್ಲ. ಅವನು ಅಕ್ಷರಕ್ಕೆ ಸಿಗುವವನಲ್ಲ. ಅದಾದ ಮೇಲೆ ಇನ್ನೊಂದು ಸಾಲು. ಎಷ್ಟು ಸೃಷ್ಟಿಯಾಗಿದೆಯೋ ಅಷ್ಟೂ ಅವನ ಹೆಸರೇ, ಹೆಸರಿಲ್ಲದ ಒಂದು ಠಾವೂ ಇಲ್ಲ. ಅಂದರೆ ನಾಮ ಎಂಬುದು ಬಾಯಲ್ಲಿ ಹೇಳುವ ಪದದಷ್ಟೇ ಆಗಿ ಉಳಿಯುವುದಿಲ್ಲ. ಕೆರೆ, ಇರುವೆ, ಪಕ್ಕದ ಮನೆಯವನು, ಎಲ್ಲವೂ ಅವನ ಹೆಸರು. ನಾಮದೇವರ ಕೊಡದ ನೀರಿನಲ್ಲಿದ್ದ ಜೀವಗಳೂ.

ಇಷ್ಟೆಲ್ಲ ಹೇಳಿದ ನಾನಕರು ಬಸಂತ್ ರಾಗದಲ್ಲಿ ಹಾಡುವುದು ಹೀಗೆ: 'ಬಲಿಹಾರೀ ಜಾವು ಜೇತೇ ತೇರೇ ನಾವ ಹೈ.' ನಿನಗೆಷ್ಟು ಹೆಸರಿವೆಯೋ ಅಷ್ಟಕ್ಕೂ ನನ್ನನ್ನು ಒಪ್ಪಿಸಿಕೊಂಡೆ.

ಒಂದು ಹೆಸರು ದೊಡ್ಡದು, ಇನ್ನೊಂದು ಸಣ್ಣದು ಎಂಬ ಜಗಳಕ್ಕೆ ಈ ಸಾಲಿನಲ್ಲಿ ಜಾಗವೇ ಇಲ್ಲ. ಗುರು ಅರ್ಜನರ ರಾಮಕಲಿ ರಾಗದ ಪದವೊಂದು ಗುರುದ್ವಾರಗಳಲ್ಲಿ ಆಗಾಗ ಕೇಳಿಬರುತ್ತದೆ. ಕೆಲವರು ರಾಮ ರಾಮ ಎನ್ನುತ್ತಾರೆ, ಕೆಲವರು ಖುದಾ ಎನ್ನುತ್ತಾರೆ. ಕೆಲವರು ತೀರ್ಥಕ್ಕೆ, ಕೆಲವರು ಹಜ್‌ಗೆ. ಕೆಲವರಿಗೆ ನೀಲಿ ಬಟ್ಟೆ, ಕೆಲವರಿಗೆ ಬಿಳಿ. ಪದದ ಕೊನೆಯ ಸಾಲನ್ನು ಮಾತ್ರ ಜನ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಯಾರು ಅವನ ಹುಕುಮ್ ಅರಿತರೋ ಅವರಿಗೆ ಅವನ ಗುಟ್ಟು ತಿಳಿಯಿತು ಎನ್ನುತ್ತದೆ ಅದು. ಯಾವ ಹೆಸರು ಎಂದು ಕೇಳಿ ನಿಲ್ಲುವುದಿಲ್ಲ, ಆಮೇಲೆ ಹೇಗೆ ಬಾಳಿದೆ ಎಂದು ಕೇಳುತ್ತದೆ.

ಇಲ್ಲಿ ನಿರಭೌ, ನಿರವೈರ್ ಎಂಬ ಎರಡು ಹೆಸರುಗಳಿಗೆ ಮತ್ತೆ ಬರುತ್ತೇನೆ. ಭಯವಿಲ್ಲದವನೇ ಎಂದು ದಿನಾ ಬೆಳಗ್ಗೆ ಕರೆದು, ಬೀದಿಯಲ್ಲಿ ಬಲವಂತನ ಮುಂದೆ ಬಗ್ಗಿ ನಡೆದರೆ ಆ ಜಪ ಏನಾಯಿತು? ಒಂಬತ್ತನೆಯ ಗುರು ತೇಗ್ ಬಹಾದುರರ ಸಲೋಕ ಒಂದಿದೆ: 'ಭೈ ಕಾಹೂ ಕೌ ದೇತ್ ನಹಿ, ನಹಿ ಭೈ ಮಾನತ್ ಆನ್.' ಯಾರನ್ನೂ ಹೆದರಿಸದವನು, ಯಾರಿಗೂ ಹೆದರದವನು, ಅವನನ್ನೇ ಜ್ಞಾನಿ ಎನ್ನು. ಮೂಲ್ ಮಂತರ್‌ನಲ್ಲಿ ದೇವರ ಹೆಸರಾಗಿದ್ದದ್ದು ಇಲ್ಲಿ ಮನುಷ್ಯನ ಗುಣವಾಗಿದೆ. ಬರೆದವರು ಅದನ್ನು ಬರೆದಿಟ್ಟು ಸುಮ್ಮನಿರಲಿಲ್ಲ. 1675ರಲ್ಲಿ ಔರಂಗಜೇಬನ ಆಳ್ವಿಕೆಯಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಅವರ ತಲೆ ಕಡಿದರು. ಕಾಶ್ಮೀರದ ಪಂಡಿತರ ಮೊರೆ ಕೇಳಿ, ತಮ್ಮದಲ್ಲದ ಧರ್ಮದವರ ಪರವಾಗಿ ಹೋದರು ಎಂದು ಸಿಖ್ ಪರಂಪರೆ ಅವರನ್ನು ನೆನೆಯುತ್ತದೆ. ಅವರು ಕಡಿಸಿಕೊಂಡ ಜಾಗದಲ್ಲಿ ಇಂದು ಸೀಸ್‌ಗಂಜ್ ಗುರುದ್ವಾರವಿದೆ.

ನಿರವೈರ್‌ಗೆ ಭಾಯಿ ಘನೈಯಾ ಸಾಕ್ಷಿ. ಆನಂದಪುರದ ಕಾಳಗದ ಹೊತ್ತಿನಲ್ಲಿ ತೊಗಲಿನ ಚೀಲದಲ್ಲಿ ನೀರು ಹೊತ್ತು ಗಾಯಾಳುಗಳಿಗೆ ಕುಡಿಸುತ್ತಿದ್ದರಂತೆ. ಶತ್ರುಪಡೆಯವರಿಗೂ ಕುಡಿಸುತ್ತಾರೆ ಎಂದು ಸಿಖ್ ಸೈನಿಕರು ಗುರು ಗೋಬಿಂದ ಸಿಂಗರ ಹತ್ತಿರ ದೂರು ಒಯ್ದರು. ಗುರು ಕರೆಸಿ ಕೇಳಿದಾಗ, ನನಗೆ ಎಲ್ಲರಲ್ಲೂ ನಿಮ್ಮ ಮುಖವೇ ಕಾಣಿಸಿತು ಎಂದರಂತೆ ಘನೈಯಾ. ಗುರು ಬೈಯಲಿಲ್ಲ. ಗಾಯಕ್ಕೆ ಹಚ್ಚಲು ಮುಲಾಮನ್ನೂ ಕೊಟ್ಟು ಕಳಿಸಿದರು. ಈ ಕತೆ ಸಿಖ್ಖರ ಮನೆಮನೆಯ ಮಕ್ಕಳಿಗೂ ಗೊತ್ತು.

ಇವೆಲ್ಲ ಗುಣದ ಹೆಸರುಗಳಾದವು. ನೆಂಟಸ್ತಿಕೆಯ ಹೆಸರುಗಳು ಬೇರೆಯೇ ಒಂದು ಲೋಕ. ನೀನೇ ನನ್ನ ಅಪ್ಪ, ನೀನೇ ನನ್ನ ಅಮ್ಮ, ನೀನೇ ಬಂಧು, ನೀನೇ ಅಣ್ಣ ಎಂದು ಗುರು ಅರ್ಜನರ ಒಂದು ಪದ. ಸಾಜನ್, ಮೀತ್, ಪ್ರೀತಮ್ ಎಂದರೆ ಗೆಳೆಯ, ಜೊತೆಗಾರ, ನಲ್ಲ. ಕಂತ್, ಪಿರ್, ಖಸಮ್ ಎಂದರೆ ಗಂಡ. ಭಕ್ತ ಗಂಡಸಾಗಿರಲಿ ಹೆಂಗಸಾಗಿರಲಿ ದೇವರ ಮುಂದೆ ಹೆಂಡತಿಯೇ. ಶರಣಸತಿ, ಲಿಂಗಪತಿ ಎಂಬ ಮಾತು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಕ ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸಿದ ಹಾಗೆಯೇ ಇಲ್ಲೂ ರಾತ್ರಿ ಮುಗಿಯದು, ನಲ್ಲ ಬಾರ.

ಇವುಗಳಲ್ಲಿ ನನ್ನ ಮನಸ್ಸು ನಿಲ್ಲುವುದು ರವಿದಾಸರು ಕರೆದ ಹೆಸರಿನ ಹತ್ತಿರ. ಸತ್ತ ದನದ ಚರ್ಮದ ಕೆಲಸ ಮಾಡುವ ಕುಲದವರು, ಕಾಶಿಯವರು. ಅವರು ದೇವರನ್ನು 'ಲಾಲ್' ಎಂದು ಕರೆಯುತ್ತಾರೆ. ಮುದ್ದಿನವನೇ ಎಂದು. 'ಐಸೀ ಲಾಲ್ ತುಝ್ ಬಿನ್ ಕೌನ್ ಕರೈ. ಗರೀಬ್ ನಿವಾಜ್ ಗುಸಯೀಆ ಮೇರಾ, ಮಾಥೈ ಛತ್ರ ಧರೈ.' ನೀನಲ್ಲದೆ ಇಂಥದ್ದನ್ನು ಯಾರು ಮಾಡಿಯಾರು? ಬಡವರನ್ನು ಕಾಯುವವನೇ, ನನ್ನ ತಲೆಯ ಮೇಲೆ ಛತ್ರಿ ಹಿಡಿದೆಯಲ್ಲ. ಯಾರ ನೆರಳು ಬಿದ್ದರೂ ಮೈಲಿಗೆ ಎನ್ನುತ್ತಿದ್ದರೋ ಅವನ ತಲೆಯ ಮೇಲೆ ರಾಜರ ಛತ್ರಿ. ಮುಂದೆ, ನನ್ನ ಗೋಬಿಂದ ಕೀಳನ್ನು ಮೇಲು ಮಾಡುತ್ತಾನೆ, ಯಾರಿಗೂ ಹೆದರುವುದಿಲ್ಲ ಎನ್ನುತ್ತಾರೆ. ಗರೀಬ್ ನಿವಾಜ್ ಪಾರಸಿಯಿಂದ ಬಂದ ಮಾತು, ಗೋಬಿಂದ ಸಂಸ್ಕೃತದಿಂದ. ರವಿದಾಸರಿಗೆ ಆ ಲೆಕ್ಕ ಇರಲಿಲ್ಲ. ತಲೆಯ ಮೇಲೆ ನೆರಳು ಹಿಡಿದವನನ್ನು ಕರೆಯಲು ಬಾಯಿಗೆ ಬಂದದ್ದೆಲ್ಲ ಸಾಲದಾಗಿತ್ತು.

ಗುರು ಗೋಬಿಂದ ಸಿಂಗರ ಜಾಪ್ ಸಾಹಿಬ್ ಇದೆಲ್ಲದರ ನಡುವೆ ಸಿಡಿಲಿನ ಹಾಗೆ. 199 ಪದ್ಯಗಳು, ಹೆಚ್ಚುಕಡಿಮೆ ಅಷ್ಟಕ್ಕೂ ಹೆಸರುಗಳೇ. 'ನಮಸ್ತ್ವಂ ಅಕಾಲೇ, ನಮಸ್ತ್ವಂ ಕೃಪಾಲೇ, ನಮಸ್ತ್ವಂ ಅರೂಪೇ, ನಮಸ್ತ್ವಂ ಅನೂಪೇ.' ಗಟ್ಟಿಯಾಗಿ ಓದಿ ನೋಡಿ. ಇದು ಭುಜಂಗಪ್ರಯಾತ ಛಂದಸ್ಸು. ಸುಬ್ರಹ್ಮಣ್ಯ ಭುಜಂಗ ಹೇಳಿಕೊಂಡವರ ಕಿವಿಗೆ ಈ ನಡೆ ತಕ್ಷಣ ಸಿಗುತ್ತದೆ. ಹಾಡಿಗೆ ಹಾಡಾದವನೇ, ಪ್ರೀತಿಗೆ ಪ್ರೀತಿಯಾದವನೇ, ಕೋಪಕ್ಕೆ ಕೋಪವಾದವನೇ ಎಂದು ಒಂದೇ ಉಸಿರಿನಲ್ಲಿ. ಆಯುಧ ಹಿಡಿದವನೇ ಎನ್ನುವ ಅದೇ ಬಾಯಿ 'ನಮೋ ಲೋಕ ಮಾತಾ' ಎನ್ನುತ್ತದೆ. ಸ್ವಲ್ಪ ಮುಂದೆ ಹೋದರೆ 'ಗರೀಬುಲ್ ಪರಸ್ತೈ' ಎಂದು ಅರಬಿ ಪಾರಸಿ ಗತ್ತು. ಆದರೆ ಮೊದಲ ಪದ್ಯದಲ್ಲೇ ಒಂದು ಎಚ್ಚರಿಕೆ ಇದೆ. ನಿನ್ನ ಎಲ್ಲ ಹೆಸರುಗಳನ್ನು ಹೇಳುವವರಾರು? ಬಲ್ಲವರು ನಿನ್ನ ಕೆಲಸದ ಹೆಸರುಗಳನ್ನಷ್ಟೇ ಹೇಳುತ್ತಾರೆ. ಆರಂಭದ ಪದ್ಯಗಳಲ್ಲೇ 'ನಮಸ್ತಂ ಅನಾಮಂ' ಎಂದೂ ಬರುತ್ತದೆ. ಹೆಸರಿಲ್ಲದವನೇ ನಿನಗೆ ನಮಸ್ಕಾರ ಎಂದು ಹೇಳಿ, ಆಮೇಲೆ ನೂರಾರು ಹೆಸರುಗಳಿಂದ ಕರೆಯುತ್ತಾರೆ.

ಹಾಗಾದರೆ ಇಂದು ಸಿಖ್ಖರ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವ ವಾಹೆಗುರು ಎಲ್ಲಿಂದ ಬಂತು? ಗುರುಗಳ ಸ್ವಂತ ಪದಗಳಲ್ಲಿ ಹರಿ, ರಾಮ, ಗೋಬಿಂದ, ಪ್ರಭು, ಠಾಕುರ್, ಸಾಹಿಬ್ ಇವೇ ಜಾಸ್ತಿ. ವಾಹಿಗುರು ಎಂಬ ರೂಪ ಗ್ರಂಥದಲ್ಲಿ ಗುರುಗಳನ್ನು ಹೊಗಳಿದ ಭಟ್ಟ ಎಂಬ ಹಾಡುಗವಿಗಳ ಸವೈಯಾ ಪದ್ಯಗಳಲ್ಲಿ ಸಿಗುತ್ತದೆ. 'ವಾಹಿಗುರೂ ವಾಹಿಗುರೂ ವಾಹಿಗುರೂ ವಾಹಿ ಜೀಉ' ಎಂದು ಕುಣಿಯುವ ಸಾಲು ಅಲ್ಲಿದೆ. ಭಾಯಿ ಗುರದಾಸರು ತಾವು ಬರೆದ ವಾರ್ ಎಂಬ ನೀಳ್ಪದಗಳಲ್ಲಿ ಮೊದಲನೆಯದರಲ್ಲಿ ಅದನ್ನು ನಾಲ್ಕು ಯುಗಗಳ ನಾಲ್ಕು ಅಕ್ಷರವಾಗಿ ಬಿಡಿಸಿದರು. ವಾಸುದೇವನ ವ, ಹರಿಯ ಹ, ಗೋಬಿಂದನ ಗ, ರಾಮನ ರ. ನನಗೆ ಅದಕ್ಕಿಂತ ಹಿಡಿಸುವುದು ವಾಹ್ ಎಂಬ ಉದ್ಗಾರ. ಮೂರನೆಯ ಗುರು ಅಮರದಾಸರು 'ವಾಹು ವಾಹು' ಎಂದೇ ದೇವರನ್ನು ಹೊಗಳುತ್ತಾ ಸಾಲುಸಾಲು ಬರೆದಿದ್ದಾರೆ. ಬೆರಗಾದಾಗ ಬಾಯಿಂದ ಬೀಳುವ ಸದ್ದೇ ಹೆಸರಾಯಿತು. ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಬಳಗ, ಸೇರುವವರಿಗೆ ಅಮೃತ ಕೊಡುವಾಗ ಹೇಳಿಕೊಡುವುದು ಇದೇ ಹೆಸರನ್ನು. ಮುಂಜಾನೆ ಎದ್ದು ಮಿಂದು ಜಪಿಸಬೇಕಾದದ್ದೂ ಇದೇ ಎಂದು ಸಿಖ್ಖರ ನಡೆನುಡಿಯ ನಿಯಮಾವಳಿಯಾದ ಸಿಖ್ ರೆಹತ್ ಮರ್ಯಾದಾ ಹೇಳುತ್ತದೆ.

ನಮ್ಮ ಬೀದರಿನ ಹೆಸರು ಈ ಕತೆಯೊಳಗೆ ಎರಡು ಕಡೆ ಬರುತ್ತದೆ. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ಉಪ್ಪು ನೀರಿನಿಂದ ಜನ ಕಷ್ಟಪಡುತ್ತಿದ್ದರು, ಅವರು ಕಲ್ಲು ಸರಿಸಿದ ಜಾಗದಲ್ಲಿ ಸಿಹಿನೀರು ಉಕ್ಕಿತು ಎಂದು ಇಲ್ಲಿನ ನಾನಕ್ ಝೀರಾ ಗುರುದ್ವಾರದ ಐತಿಹ್ಯ. ಕೆಂಪು ಮುರಕಲ್ಲಿನ ಬುಡದಿಂದ ಆ ಝರಿ ಈಗಲೂ ಹರಿಯುತ್ತಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಅಮೃತ ಪಡೆದು ಸಾಹಿಬ್ ಸಿಂಗ್ ಆದರು. ಮುಂದೆ ಚಮಕೌರ್ ಕಾಳಗದಲ್ಲಿ ಪ್ರಾಣ ಕೊಟ್ಟರು. ಅವರ ಜೊತೆ ಎದ್ದವರಲ್ಲಿ ದ್ವಾರಕೆಯ ಮೋಹಕಮ್ ಚಂದ್ ಬಟ್ಟೆಗೆ ಅಚ್ಚು ಹಾಕುವವರು, ನಾಮದೇವರ ಕಸುಬಿನವರು. ಸಾಹಿಬ್ ಎಂಬುದು ಗ್ರಂಥದಲ್ಲಿ ದೇವರ ಹೆಸರು ಕೂಡ. 'ಸಾಹಿಬ್ ಮೇರಾ ಏಕೋ ಹೈ' ಎಂದು ನಾನಕರು ಹಾಡಿದ್ದಾರೆ.

ನಾನಕ್ ಝೀರಾದ ಲಂಗರಿನಲ್ಲಿ ಊಟಕ್ಕೆ ಕೂತಾಗ ಬಡಿಸುವವರ ಕೂಗು ಕೇಳಬೇಕು. ರೊಟ್ಟಿ ತಂದವರು 'ಪರಶಾದಾ ವಾಹೆಗುರು' ಎನ್ನುತ್ತಾರೆ. ಎರಡೂ ಕೈ ಒಡ್ಡಿ ರೊಟ್ಟಿ ಈಸಿಕೊಳ್ಳಬೇಕು. ಹಿಂದೆಯೇ ಬಕೆಟ್ ಹಿಡಿದವರು 'ದಾಲ್ ವಾಹೆಗುರು' ಎನ್ನುತ್ತಾ ಬರುತ್ತಾರೆ. ಊಟ ಆದ ಮೇಲೆ ತಟ್ಟೆ ತೊಳೆಯುವ ಕಡೆ ನನ್ನ ಪಕ್ಕ ನಿಂತಿದ್ದ ಹಿರಿಯರನ್ನು ಮಾತಿಗೆಳೆದೆ. ಬೀದರಿನವರೇ, ಚೆನ್ನಾಗಿ ಕನ್ನಡ ಬರುತ್ತಿತ್ತು. 'ಬಾಬಾಜಿ, ಇಷ್ಟು ಹೆಸರಿದಾವಲ್ಲ, ನಿಮ್ಮ ಬಾಯಲ್ಲಿ ಯಾವುದು ಬರ್ತದೆ?' ಎಂದೆ.

'ಕೆಲಸಾ ಮಾಡೋವಾಗ ವಾಹೆಗುರು ಅಂತೀನ್ರೀ. ಕಾಲು ನೋವು ಬಂದ್ರ ಹೇ ರಬ್ಬಾ ಅಂತೀನಿ' ಎಂದರು, ತಟ್ಟೆ ಉಜ್ಜುತ್ತಲೇ. ರಬ್ ಎಂಬುದು ಅರಬಿಯಿಂದ ಪಂಜಾಬಿಗೆ ಬಂದು, ಪಂಜಾಬಿನ ತಾಯಂದಿರ ಬಾಯಲ್ಲಿ ನೆಲೆಸಿದ ಹೆಸರು. ಹಿಂದೂ, ಮುಸ್ಲಿಂ, ಸಿಖ್ ಯಾರೇ ಆಗಲಿ, ಅಲ್ಲಿಯ ಜನ ಎಡವಿದಾಗ ಕರೆಯುವುದು ಅದನ್ನೇ. 1947ರಲ್ಲಿ ನೆಲಕ್ಕೆ ಗೆರೆ ಎಳೆದ ಮೇಲೂ ಎರಡೂ ಪಂಜಾಬುಗಳಲ್ಲಿ ರಬ್ಬಾ ಹಾಗೇ ಉಳಿದಿದೆ.

'ಮತ್ತ ಹರಿ, ರಾಮ?' ಎಂದು ಕೇಳಿದೆ.

'ಅದು ಪಾಠದೊಳಗ ಬರ್ತದಲ್ರೀ ದಿನಾ. ಕೂತು ಕೇಳ್ರಿ ಸಂಜಿಗೆ' ಎಂದು ಇನ್ನೊಂದು ಹಿಡಿ ತಟ್ಟೆ ನನ್ನ ಕಡೆ ತಳ್ಳಿದರು.

ಅವರ ಮಾತನ್ನೇ ನಿಮಗೂ ಹೇಳುತ್ತೇನೆ. ಬೀದರಿಗೆ ಹೋದರೆ ಕೋಟೆ ನೋಡಿಕೊಂಡು ಹಾಗೇ ವಾಪಸ್ ಬರಬೇಡಿ. ತಲೆಗೊಂದು ಬಟ್ಟೆ ಕಟ್ಟಿಕೊಂಡು ಸಂಜೆಯ ಪ್ರಾರ್ಥನೆಯಾದ ರೆಹರಾಸ್ ಪಾಠಕ್ಕೆ ಕೂತುಕೊಳ್ಳಿ. ಪಂಜಾಬಿ ಬಾರದಿದ್ದರೂ ಅಡ್ಡಿಯಿಲ್ಲ. ನಾಲ್ಕನೆಯ ಗುರು ರಾಮದಾಸರ 'ಸೋ ಪುರಖ್ ನಿರಂಜನ್, ಹರಿ ಪುರಖ್ ನಿರಂಜನ್, ಹರಿ ಅಗಮಾ ಅಗಮ್ ಅಪಾರಾ' ಬಂದಾಗ ನಿಮಗೆ ಗೊತ್ತಿರುವ ಹೆಸರುಗಳು ಒಂದೊಂದಾಗಿ ಕಿವಿಗೆ ಸಿಗುತ್ತವೆ. ಪಾಠ ಮುಗಿದ ಮೇಲೆ ಲಂಗರಿನಲ್ಲಿ ಊಟವಿದೆ. ತಟ್ಟೆ ತೊಳೆಯುವವರು ಯಾವಾಗಲೂ ಕಡಿಮೆ ಬೀಳುತ್ತಾರೆ.